ಪೇಢೆಯ ಮೇಲಿನ ಬೆಳ್ಳಿ

ಬೆಳಗಾವಿಯ ಬೇಕರಿಯಲ್ಲಿ ಹುಡುಗಿಯೊಬ್ಬಳು ನನ್ನ ಮಗಳ ಚಾಕೊಲೇಟ್ ಕೇಕಿನ ಮುಂದೆ ಬಂಗಾರದ ಪುಡಿಯ ಡಬ್ಬಿ ತೆರೆದಳು. "ಉದುರಸ್ಲೇನ್ರಿ ಅಕ್ಕಾರ? ಕಪ್ಪ ಕಾಣಂಗಿಲ್ಲ."

ನಾನು ಸಣ್ಣವಳಿದ್ದಾಗ, ಖಾನಾಪುರದ ನಮ್ಮ ಮನೆಗೆ ಸೋದರತ್ತೆಯನ್ನು ನೋಡಲು ಗಂಡಿನವರು ಬರುವ ದಿನ, ಅತ್ತೆಯೇ ಪೇಢೆ ಮಾಡಿದ್ದಳು. ಉಸಿರು ತಾಗಿದರೆ ಹರಿದೀತೆಂದು ಬಾಯಿಗೆ ಸೆರಗು ಹಿಡಿದು, ಒಂದೊಂದಕ್ಕೂ ಬೆಳ್ಳಿಯ ತೆಳು ಹಾಳೆಯಾದ ವರ್ಖ ಹಚ್ಚಿದ್ದಳು. ಬಂದವರು ತಟ್ಟೆ ನೆಕ್ಕಿದಂತೆ ಖಾಲಿ ಮಾಡಿದರು. ಚಪ್ಪಲಿ ಮೆಟ್ಟುತ್ತ ಹುಡುಗನ ತಾಯಿ ಅಂದಳು: "ಪೇಢೆ ಭಾಳ ಛಲೋ ಆಗ್ಯಾವರೀ. ಹುಡುಗಿ ಮಾತ್ರ ಕಪ್ಪ ಅದಾಳ."

ಒಳಗೆ ಅತ್ತೆ ಅಳುತ್ತಿದ್ದಳು. ನಾನು ಉಳಿದ ವರ್ಖ ತಂದು ಅವಳ ಕೆನ್ನೆಗೆ ಮೆತ್ತಿದೆ. "ಅಳಬ್ಯಾಡ ಅತ್ತಿ, ಈಗ ಬೆಳ್ಳಗಾದಿ ನೋಡು."

ಅಳು ತಟ್ಟನೆ ನಿಂತಿತು. ಮತ್ತೆಂದೂ ಅವಳು ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಲಿಲ್ಲ.

ಬೇಕರಿಯ ಹುಡುಗಿ ಇನ್ನೂ ಕಾಯುತ್ತಿದ್ದಳು.

"ಬ್ಯಾಡವಾ," ಅಂದೆ. "ಕಪ್ಪಗ ಇರ್ಲಿ."