ಹಲ್ಲು ಕಟ್ಟುವವನ ಕರಾರು

ಅವನನ್ನು ಎಲ್ಲರೂ ಹಲ್ಲಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಸಿರಾಡುತ್ತಿರಲಿಲ್ಲ. ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವನು ಪ್ಲಾಸ್ಟರಿನ ದವಡೆಯ ಮೇಲೆ ಮೇಣ ಕೂರಿಸಿ, ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸಿ, ಒಸಡಿನ ಬಣ್ಣ ಹೊಂದಿಸಿ, ಉಜ್ಜಿ ಹೊಳಪು ಕೊಡುತ್ತಿದ್ದ. ಮುಂದಿನ ಸಾಲಿನಲ್ಲಿ ಒಂದು ಹಲ್ಲನ್ನು ಬೇಕೆಂದೇ ಕೊಂಚ ಸೊಟ್ಟ ಇಡುತ್ತಿದ್ದ. "ಎಲ್ಲಾ ನೆಟ್ಟಗಿದ್ರೆ ಅಂಗಡಿಯಿಂದ ತಂದ ಹಾಗಿರುತ್ತೆ. ಒಂದು ಸೊಟ್ಟಗಿದ್ರೆ ಅವರದೇ ಅನ್ಸುತ್ತೆ" ಎನ್ನುತ್ತಿದ್ದ. ಅವನು ಕಟ್ಟಿದ ಹಲ್ಲು ಹಾಕಿಕೊಂಡವರು ಹುರಿದ ಕಡಲೆಬೀಜ ಜಗಿಯುತ್ತಿದ್ದರು. ಕಸುಬುದಾರನಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಿಲ್ಲ.

ಕೆಲಸದ ಜಾಗ ಒಂದು ಉದ್ದನೆಯ ಕೋಣೆ. ಕಿಟಕಿಯ ಪಕ್ಕ ಬರ್ನರು, ಮೂಲೆಯಲ್ಲಿ ಗರಗರ ತಿರುಗುವ ಉಜ್ಜುಗಾಲಿ, ಎಲ್ಲದರ ಮೇಲೂ ತಿಳಿಗುಲಾಬಿ ಬಣ್ಣದ ಧೂಳು. ಯಜಮಾನನಿಗೆ ಆ ಕೋಣೆ ಇತ್ತು, ಹಲ್ಲಪ್ಪನಿಗೆ ಕೈ ಇತ್ತು. ಹೀಗೆ ಬಹಳ ಕಾಲ ನಡೆಯಿತು. ಯಜಮಾನನದೇ ಹಲ್ಲು ಉದುರಿದಾಗ ಅವನ ಸೆಟ್ಟನ್ನೂ ಹಲ್ಲಪ್ಪನೇ ಕಟ್ಟಿಕೊಟ್ಟ. ಆಮೇಲೆ ಯಜಮಾನ ತನ್ನ ಅಳಿಯನನ್ನು ತಂದು ಹಲ್ಲಪ್ಪನ ತಲೆಯ ಮೇಲೆ ಕೂರಿಸಿದ. ಮೇಲಿನ ದವಡೆ ಯಾವುದು, ಕೆಳಗಿನದು ಯಾವುದು ಎಂದು ಹಲ್ಲಪ್ಪನನ್ನೇ ಕೇಳಿ ತಿಳಿದುಕೊಳ್ಳುವ ಅಳಿಯ, ಮರುಗಳಿಗೆ ಅವನ ಕೆಲಸದಲ್ಲೇ ತಪ್ಪು ಹುಡುಕುತ್ತಿದ್ದ. ಹಲ್ಲಪ್ಪ ಒಂದಷ್ಟು ದಿನ ಹೊಟ್ಟೆಗೆ ಹಾಕಿಕೊಂಡ. ಕೊನೆಗೊಂದು ದಿನ, ಪಕ್ಕದ ಬೀದಿಯಲ್ಲಿ ಸಣ್ಣ ಕೋಣೆ ಹಿಡಿಯುತ್ತೇನೆ, ನನ್ನನ್ನು ಬಿಟ್ಟುಬಿಡಿ ಎಂದ.

ಡಾಕ್ಟರುಗಳೆಲ್ಲ ಆ ಕೈಯ ಹಿಂದೆಯೇ ಹೋಗುತ್ತಾರೆಂದು ಯಜಮಾನನಿಗೆ ಗೊತ್ತಿತ್ತು. ಆ ಸಂಜೆಯೇ ಹಲ್ಲಪ್ಪನ ಉಪಕರಣದ ಪೆಟ್ಟಿಗೆಯನ್ನು ತನ್ನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ. ಮೇಣದ ಚಾಕು, ಚಮಚ, ಕೆತ್ತುಕಡ್ಡಿ, ಎಲ್ಲವೂ ಹಲ್ಲಪ್ಪನಿಗೆ ಕಸುಬು ಕಲಿಸಿದ ಮುದುಕ ಸಾಯುವಾಗ ಕೈಗಿಟ್ಟು ಹೋದಂಥವು. ಹಿಡಿಗಳಲ್ಲಿ ಇಬ್ಬರ ಬೆರಳಿನ ಗುರುತೂ ಸವೆದು ಕೂತಿತ್ತು.

ಮಾರನೆಯ ದಿನ ಯಜಮಾನ ಒಂದು ಕಾಗದ ಮುಂದಿಟ್ಟ. "ಪೆಟ್ಟಿಗೆ ಬೇಕು ತಾನೇ? ಸಹಿ ಹಾಕು, ತಗೊಂಡು ಹೋಗು."

ಈ ಊರಿನಲ್ಲಿ ಬದುಕಿರುವವರೆಗೆ, ತಾನಾಗಲಿ ಬೇರೆಯವರ ಮೂಲಕವಾಗಲಿ, ಕೂಲಿಗಾಗಲಿ ಬಿಟ್ಟಿಗಾಗಲಿ, ಹಲ್ಲು ಕಟ್ಟುವ ಕೆಲಸ ಮಾಡುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಹಲ್ಲಪ್ಪ ಎರಡು ಸಲ ಓದಿದ. ಬೀರುವಿನ ಕಡೆ ನೋಡಿದ. ಸಹಿ ಹಾಕಿದ. ಉಪಕರಣ ಬಿಡಿಸಿಕೊಳ್ಳಲು, ಆ ಉಪಕರಣವನ್ನು ಮುಟ್ಟುವುದೇ ಇಲ್ಲವೆಂದು ಬರೆದುಕೊಟ್ಟ. ಇಂಥ ವ್ಯಾಪಾರ ಮಾಡಿದವನನ್ನು ಕಂಡು ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಬೇರೆ ಊರಿಗೆ ಹೋಗೋಣವೆಂದರೆ ಹೆಂಡತಿಯ ತಾಯಿ ಹಾಸಿಗೆ ಹಿಡಿದಿದ್ದಳು, ಅವಳಿಗೆ ಈ ಮಗಳನ್ನು ಬಿಟ್ಟು ಯಾರೂ ಇರಲಿಲ್ಲ. ಹಲ್ಲಪ್ಪ ಹುಡುಕಾಡಿ, ಅವರಿವರ ಕೈಕಾಲು ಹಿಡಿದು, ಕಾನೂನು ಕಾಲೇಜಿನಲ್ಲಿ ಜವಾನನ ಕೆಲಸಕ್ಕೆ ಸೇರಿದ. ಗಂಟೆ ಹೊಡೆಯುವುದು, ಕೋಣೆಗಳ ಬಾಗಿಲು ತೆಗೆಯುವುದು, ಪಾಠ ಮುಗಿದ ಮೇಲೆ ಬೋರ್ಡು ಒರೆಸುವುದು. ಮೇಣದ ಮೇಲೆ ಕೂದಲೆಳೆಯಷ್ಟು ಗೆರೆ ಕೊರೆಯುತ್ತಿದ್ದ ಕೈಗೆ ಒದ್ದೆ ಬಟ್ಟೆ ಬಂತು. ಪೆಟ್ಟಿಗೆ ಮಂಚದ ಕೆಳಗೆ ಹೋಯಿತು.

ಕೆಲವು ವರ್ಷಕ್ಕೆ ಅವನ ಹೆಂಡತಿಯ ಒಸಡು ಕೀವುಗಟ್ಟಿ, ಹಲ್ಲುಗಳನ್ನೆಲ್ಲ ಕೀಳಬೇಕಾಯಿತು. ಅವಳು ದೊಡ್ಡ ನಗೆಯ ಹೆಂಗಸು. ನಕ್ಕರೆ ಪಕ್ಕದ ಮನೆಯವರೂ ಏನು ವಿಷಯ ಎಂದು ಕೇಳಿಕೊಂಡು ಬರುತ್ತಿದ್ದರು. ಗಾಯ ಮಾಗಿದ ಮೇಲೆ ಅವಳು ಮಂಚದ ಕೆಳಗಿನ ಪೆಟ್ಟಿಗೆಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು.

"ಕಟ್ಟಿಕೊಡಿ."

"ಕಟ್ಟೋ ಹಾಗಿಲ್ಲ ಕಣೇ. ಬರೆದುಕೊಟ್ಟಿದ್ದೀನಿ."

"ನನ್ನ ಬಾಯೊಳಗೆ ಯಾರು ಬಂದು ನೋಡ್ತಾರೆ?"

"ನೋಡೋದಲ್ಲ. ಬಿಟ್ಟಿಯಾಗೂ ಮಾಡಲ್ಲ ಅಂತ ಅದರಲ್ಲಿದೆ."

"ಹೆಂಡತಿಗೂ ಮಾಡಲ್ಲ ಅಂತ ಇದೆಯಾ?"

"ಹೆಂಡತಿಯನ್ನ ಬಿಟ್ಟು ಅಂತ ಇಲ್ಲ" ಎಂದ ಹಲ್ಲಪ್ಪ. ಹಾಗೆ ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಯಜಮಾನ ಎಂಥವನೇ ಆಗಲಿ, ತಾನು ಮಾತಿಗೆ ತಪ್ಪುವವನಲ್ಲ ಎಂಬ ಹೆಮ್ಮೆ. ಅದರ ಹಿಂದೆ ಜೈಲಿನ ಭಯ ಕೂತಿತ್ತು, ಆದರೆ ಭಯವನ್ನು ಹೆಮ್ಮೆ ಎಂದು ಕರೆದುಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ. ಹಳೆಯ ಕೋಣೆಯಿಂದಲೇ ಒಂದು ಸೆಟ್ಟು ಕೊಂಡು ತರುತ್ತೇನೆಂದ. ಅವಳು ಮುಖ ತಿರುಗಿಸಿದಳು. "ನಿಮ್ಮ ಕೈ ಕಟ್ಟಿ ಕೂರಿಸಿದ ಮನೆಯ ಹಲ್ಲು ನನ್ನ ಬಾಯಿಗೆ ಬೇಡ. ಕಟ್ಟಿದ್ರೆ ನೀವು ಕಟ್ಟಿ. ಇಲ್ದಿದ್ರೆ ಹೀಗೇ ಇರ್ತೀನಿ."

ಹೀಗೇ ಇದ್ದಳು. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿಂದಳು. ಮೊದಮೊದಲು ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು, ಆಮೇಲೆ ನಗುವುದನ್ನೇ ಬಿಟ್ಟಳು. ತುಟಿ ಒಳಕ್ಕೆ ಸೇರಿತು, ಗದ್ದ ಮೂಗಿನ ಹತ್ತಿರ ಬಂತು. ಅವಳ ತಾಯಿ ತೀರಿಕೊಂಡಳು. ಆ ಹೊತ್ತಿಗೆ ಊರು ಬಿಡುವ ವಯಸ್ಸು ಇಬ್ಬರಿಗೂ ಮೀರಿತ್ತು.

ಹಲ್ಲಪ್ಪನ ಕೆಲಸದ ಕೊನೆಯ ವರ್ಷ. ಒಂದು ಮಧ್ಯಾಹ್ನ ಗಂಟೆ ಹೊಡೆದು, ಒದ್ದೆ ಬಟ್ಟೆ ಹಿಡಿದು ಬಂದರೆ ಪಾಠ ಇನ್ನೂ ಮುಗಿದಿರಲಿಲ್ಲ. ಬಾಗಿಲ ಬಳಿ ನಿಂತ. ಮೇಡಂ ಕರಾರಿನ ಪಾಠ ಮಾಡುತ್ತಿದ್ದರು.

"ಒಬ್ಬರು ಕೇಳಬೇಕು, ಇನ್ನೊಬ್ಬರು ಒಪ್ಪಬೇಕು, ಇಬ್ಬರ ಮನಸ್ಸಲ್ಲೂ ಇರೋದು ಒಂದೇ ಆಗಿರಬೇಕು, ಕೊಟ್ಟಿದ್ದಕ್ಕೆ ಪ್ರತಿಯಾಗಿ ಏನಾದರೂ ಬರಬೇಕು. ಆಗ ಅದು ಕರಾರು. ಒಬ್ಬನನ್ನ ಹೆದರಿಸಿಯೋ, ಅವನ ವಸ್ತುವನ್ನ ಹಿಡಿದಿಟ್ಟುಕೊಂಡೋ, ಸುಳ್ಳು ಹೇಳಿಯೋ ಒಪ್ಪಿಸಿದ್ರೆ, ಒಪ್ಪಿದವನು ಆಮೇಲೆ ಬೇಡ ಅನ್ನಬಹುದು. ಬೇಡ ಅನ್ನೋವರೆಗೆ ಅದು ನಡೀತಿರುತ್ತೆ. ಆದರೆ ಕೆಲವಕ್ಕೆ ಅಷ್ಟು ಜೀವಾನೂ ಇಲ್ಲ. ಒಬ್ಬ ಮನುಷ್ಯ ನ್ಯಾಯವಾಗಿ ಮಾಡೋ ಕಸುಬನ್ನೇ ಮಾಡಬೇಡ ಅನ್ನೋ ಕರಾರು ಆ ಥರದ್ದು. ಸಹಿ ಇರಲಿ, ಸಾಕ್ಷಿ ಇರಲಿ, ಅದು ಬರೆದ ದಿನದಿಂದಲೇ ಸತ್ತಿರುತ್ತೆ."

ಹುಡುಗರು ಎದ್ದು ಹೋದರು. ಹಲ್ಲಪ್ಪ ಮೇಡಂ ಮುಂದೆ ನಿಂತು ತನ್ನ ಕಾಗದದ ವಿಷಯ ಹೇಳಿದ, ಯಾರೋ ಪರಿಚಯದವರದು ಎಂಬಂತೆ. ಮೇಡಂ ಮುಖ ಅರಳಿತು.

"ಪೆಟ್ಟಿಗೆ ಹಿಡಿದಿಟ್ಟುಕೊಂಡು ಸಹಿ ಮಾಡಿಸಿದ್ದು ಒಂದು ದೋಷ, ಕಸುಬು ತಡೆದಿದ್ದು ಇನ್ನೊಂದು. ಎರಡೂ ಒಂದೇ ಕಾಗದದಲ್ಲಿ. ಎಷ್ಟು ಚೆನ್ನಾಗಿದೆ ಉದಾಹರಣೆ. ಅವರಿಗೆ ಹೇಳಿ, ಕೋರ್ಟಿಗೆ ಹೋಗೋದೂ ಬೇಕಿಲ್ಲ, ನಾಳೆನೇ ಅಂಗಡಿ ತೆಗೀಬಹುದು."

"ಈ ಪಾಠ ಪ್ರತಿ ವರ್ಷ ಮಾಡ್ತೀರಾ ಮೇಡಂ?"

"ಪ್ರತಿ ವರ್ಷ. ಬೋರ್ಡಿನ ಮೇಲೆ ಬರೆದೇ ಹೇಳ್ತೀನಿ."

ಮೇಡಂ ಹೋದರು. ಬೋರ್ಡಿನ ಮೇಲೆ ಆ ಮಾತು ದಪ್ಪ ಅಕ್ಷರದಲ್ಲಿ ಹಾಗೇ ಇತ್ತು. ಪ್ರತಿ ವರ್ಷವೂ ಅವನು ಅದನ್ನು ಓದದೆ ಒರೆಸಿದ್ದ. ದೊಡ್ಡವರ ಪಾಠ ನಮಗ್ಯಾಕೆ ಎಂದು, ಮೇಲಿನಿಂದ ಕೆಳಕ್ಕೆ, ಒಂದು ಚುಕ್ಕೆಯೂ ಉಳಿಯದಂತೆ, ಮೈಯೆಲ್ಲ ಕಣ್ಣಾಗಿ ಒರೆಸಿದ್ದ. ಆ ದಿನವೂ ಒರೆಸಿದ. ಅದು ಅವನ ಕೆಲಸವಾಗಿತ್ತು.

ಮರುದಿನ ಮೇಡಂ ಅದೇ ಕಥೆಯನ್ನು ತರಗತಿಗೆ ಹೇಳಿದರು. ಹೊರಗೆ ಸ್ಟೂಲಿನ ಮೇಲೆ ಕೂತ ಹಲ್ಲಪ್ಪನಿಗೆ ಎಲ್ಲ ಕೇಳಿಸಿತು. "ಅಷ್ಟು ವರ್ಷ ಸುಮ್ಮನಿದ್ನಾ? ಒಬ್ಬ ವಕೀಲರನ್ನ ಕೇಳೋದಕ್ಕೆ ಏನು ಧಾಡಿ ಅವನಿಗೆ?" ಎಂದು ಒಬ್ಬ ಹುಡುಗಿ ಕೇಳಿದಳು. ಎಲ್ಲರೂ ನಕ್ಕರು. ಆ ಹುಡುಗಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅವನಿಗೆ ಮೈಯೆಲ್ಲ ಉರಿಯಿತು.

ಸಂಜೆ ನೇರವಾಗಿ ಯಜಮಾನನ ಮನೆಗೆ ಹೋದ. ಯಜಮಾನ ಹಣ್ಣು ಹಣ್ಣು ಮುದುಕನಾಗಿದ್ದ, ವರಾಂಡದಲ್ಲಿ ಕೂತು ಕಡಲೆಬೀಜ ಜಗಿಯುತ್ತಿದ್ದ. ಹಲ್ಲು ಹಲ್ಲಪ್ಪನದೇ. ಮುಂದಿನ ಸೊಟ್ಟ ಹಲ್ಲಿನ ಗುರುತು ದೂರದಿಂದಲೇ ಸಿಕ್ಕಿತು.

"ಆ ಕಾಗದ ಸುಳ್ಳಂತೆ" ಎಂದ ಹಲ್ಲಪ್ಪ.

"ಗೊತ್ತಲ್ಲ" ಎಂದ ಯಜಮಾನ. "ಬರೆಯೋವಾಗಲೇ ವಕೀಲರು ಹೇಳಿದ್ರು, ಇದು ಕೋರ್ಟಲ್ಲಿ ನಡೆಯಲ್ಲ ಅಂತ. ಕೋರ್ಟಲ್ಲಿ ನಡೀದೇ ಹೋದ್ರೆ ಹೋಗ್ಲಿ, ಇವನು ಸಹಿ ಹಾಕಿದ ಮೇಲೆ ಮುಗೀತು, ಇವನ ಮನೇಲಿ ನಡಿಯುತ್ತೆ ಅಂದೆ. ಇನ್ನೊಬ್ಬನಾಗಿದ್ರೆ ಬರೆಸ್ತಾನೇ ಇರಲಿಲ್ಲ." ಅದರಲ್ಲಿ ಕುಹಕವಿರಲಿಲ್ಲ. ಹೊಗಳಿಕೆಯೇ ಇತ್ತು. ಅವನು ಕಡಲೆಬೀಜದ ತಟ್ಟೆಯನ್ನು ಹಲ್ಲಪ್ಪನ ಕಡೆಗೆ ಸರಿಸಿದ.

ಆ ಬಾಯಿಗೆ ಕೈ ಹಾಕಿ ತನ್ನ ಹಲ್ಲನ್ನು ಕಿತ್ತುಕೊಂಡು ಬರಬೇಕೆನಿಸಿತು. ಹಲ್ಲಪ್ಪ ಏನೂ ಮಾಡಲಿಲ್ಲ. ಇಂಥವರು ಮಾಡುವುದಿಲ್ಲ, ಯಜಮಾನನ ಲೆಕ್ಕಾಚಾರ ನಿಂತದ್ದೇ ಅದರ ಮೇಲೆ. ತಟ್ಟೆಯನ್ನೂ ಮುಟ್ಟದೆ ಮನೆಗೆ ಬಂದು, ಹೆಂಡತಿಗೆ ಎಲ್ಲ ಹೇಳಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಬೆಳಕಿಗೆ ಮುಖ ಮಾಡಿ ಕೂತು ಬಾಯಿ ತೆರೆದಳು.

ಅವನು ಕೈ ತೊಳೆದು ಕೆಳಗಿನ ಒಸಡಿನ ಮೇಲೆ ಹೆಬ್ಬೆರಳು ಓಡಿಸಿದ. ಓಡಿಸಿದ ಬೆರಳು ಅಲ್ಲೇ ನಿಂತಿತು. ಹಲ್ಲಿನ ಸೆಟ್ಟು ಕೂರುವುದು ಒಸಡಿನ ದಿಣ್ಣೆಯ ಮೇಲೆ. ಹಲ್ಲು ಹೋಗಿ ವರ್ಷಗಟ್ಟಲೆ ಆದರೆ ಆ ದಿಣ್ಣೆ ಸವೆದು ಸವೆದು ಮಟ್ಟವಾಗುತ್ತದೆ. ಅವಳ ಬಾಯಲ್ಲಿ ದಿಣ್ಣೆ ಇರಲಿಲ್ಲ. ಅಂಗೈಯಷ್ಟು ಸಪಾಟಾಗಿತ್ತು. ಗಾಯ ಮಾಗಿದ ವರ್ಷವೇ ಕಟ್ಟಿದ್ದರೆ ಸೆಟ್ಟು ಕೂರುತ್ತಿತ್ತು.

ಆದರೂ ಕಟ್ಟಿದ. ರಜೆ ಹಾಕಿ, ಅಡಿಗೆಮನೆಯ ಒಲೆಯಲ್ಲಿ ಮೇಣ ಕರಗಿಸಿ, ಜನ್ಮದಲ್ಲಿ ಕಟ್ಟದಷ್ಟು ಚೆಂದದ ಸೆಟ್ಟು ಕಟ್ಟಿದ. ಮದುವೆಯಾದಾಗ ಅವಳಿಗಿದ್ದ ಸೊಟ್ಟ ಹಲ್ಲನ್ನು ನೆನಪಿನಿಂದ ತೆಗೆದು ಅದೇ ಜಾಗದಲ್ಲಿ ಇಟ್ಟ. ಮೇಲಿನದು ಹೇಗೋ ಕಚ್ಚಿ ನಿಂತಿತು. ಕೆಳಗಿನದು ಅವಳು ಮಾತಾಡಲು ಹೊರಟ ಕೂಡಲೇ ಎದ್ದು ನಾಲಿಗೆಯ ಮೇಲೆ ಬಂತು. ತೆಗೆದು ಕೆರೆದ, ಹಾಕಿದ. ಮತ್ತೆ ತೆಗೆದು ತುಂಬಿದ, ಹಾಕಿದ. ಒಸಡು ಕೆಂಪಾಗಿ ರಕ್ತ ಜಿನುಗಿದಾಗ ಅವಳು ಅವನ ಕೈ ಹಿಡಿದಳು.

"ಸಾಕು ಬಿಡಿ. ಹಲ್ಲು ಚೆನ್ನಾಗಿದೆ. ಬಾಯಿ ಮುಗಿದುಹೋಗಿದೆ."

ಎರಡನ್ನೂ ತೆಗೆದು ನೀರಿನ ಲೋಟದಲ್ಲಿ ಹಾಕಿದಳು.

"ಆ ಕಾಗದ ಬರೆದ ದಿನವೇ ಸತ್ತಿತ್ತು ಅಂದ್ರಲ್ಲ. ಹಾಗಾದ್ರೆ ಇಷ್ಟು ವರ್ಷ ನನಗೆ ಹಲ್ಲು ಬೇಡ ಅಂದಿದ್ದು ಯಾರು?"

ಹಲ್ಲಪ್ಪನಿಗೆ ಉತ್ತರ ಗೊತ್ತಿತ್ತು. ಎದ್ದು ಒಳಗೆ ಹೋಗಿ, ಅವಳ ಊಟಕ್ಕೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿಟ್ಟ.