ಶೇವಂತಿಯ ಅರ್ಜಿಯ ಮೂರನೆಯ ಹಾಳೆ

ನನ್ನ ನಾದಿನಿ ಶೇವಂತಿ ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದರೂ ಮಗ್ಗದ ಮುಂದೆ ಕೂತವಳಲ್ಲ. ಓದಿನಲ್ಲಿ ಚುರುಕೆಂದು ಮಾವ ಮುರಗೆಪ್ಪನವರು ಹತ್ತನೇ ವಯಸ್ಸಿಗೇ ಅವಳನ್ನು ಜಮಖಂಡಿಯಲ್ಲಿದ್ದ ತಂಗಿಯ ಮನೆಯಲ್ಲಿಟ್ಟು ಓದಿಸಿದರು. ಅಲ್ಲಿಂದ ಧಾರವಾಡ, ಎಂ.ಎಸ್ಸಿ., ಡಾಕ್ಟರೇಟು. ನನ್ನ ಬಿ.ಎಸ್ಸಿ. ಎರಡನೇ ವರ್ಷಕ್ಕೇ ಮದುವೆಯಾಗಿ ನಿಂತಿತು. ನಮ್ಮಿಬ್ಬರದೂ ಒಂದೇ ವಯಸ್ಸು. ಇದು ಮನೆಯಲ್ಲಿ ಯಾರಿಗೂ ನೆನಪಿಲ್ಲ, ನನಗಿದೆ.

1989ರ ಶ್ರಾವಣದಲ್ಲಿ ಊರಿಗೆ ಬಂದಳು. ಡಾಕ್ಟರೇಟು ಮುಗಿಸಿದವರಿಗೆ ಎರಡು ವರ್ಷ ಸಂಶೋಧನೆ ಮಾಡಲು ಯುನಿವರ್ಸಿಟಿಯಲ್ಲಿ ಒಂದೇ ಒಂದು ಜಾಗವಿತ್ತು. ಅರ್ಜಿ ಆ ಮಧ್ಯಾಹ್ನದ ಟಪಾಲಿಗೆ ಹೋಗಲೇಬೇಕು. ವಿಷಯ, ಕೈಮಗ್ಗದ ನೂಲಿಗೆ ಹಚ್ಚುವ ಗಂಜಿ. ನಮ್ಮ ಗಂಜಿ!

"ವೈನಿ, ಒಮ್ಮಿ ಓದ್ರಿ. ಟೈಪಿನ ತಪ್ಪಿದ್ರ ಹೇಳ್ರಿ," ಎಂದು ಹಾಳೆಗಳನ್ನು ಕೊಟ್ಟು ನನ್ನ ಮಗಳನ್ನು ಎತ್ತಿಕೊಂಡಳು. ಮಗು ಅವಳ ಕನ್ನಡಕ ಹಿಡಿದು ನಕ್ಕಿತು. ಅದೂ ನನಗೆ ಸೇರಲಿಲ್ಲ.

ಮೂರನೆಯ ಹಾಳೆಯಲ್ಲಿತ್ತು: ನೇಕಾರರು ನಡುಹಗಲ ಬಿಸಿಲಿನಲ್ಲಿ ನೂಲಿಗೆ ಗಂಜಿ ಹಚ್ಚುತ್ತಾರೆ, ಪ್ರಯೋಗವನ್ನೂ ಹಾಗೆಯೇ ಮಾಡುತ್ತೇನೆ. ನನ್ನ ತವರಿನಲ್ಲಿ ಹೊತ್ತು ಮೂಡುವ ಮುಂಚೆಯೇ ಓಣಿಯುದ್ದ ನೂಲು ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ಎಳೆ ಎಳೆ ಬಿಡಿಸುತ್ತಿದ್ದೆವು. ಬಿಸಿಲೇರಿದರೆ ಕುಂಚ ಮುಟ್ಟುವ ಮೊದಲೇ ಗಂಜಿ ಒಣಗಿ ಎಳೆಗಳು ಅಂಟಿಕೊಳ್ಳುತ್ತವೆ, ಮಗ್ಗದ ಮೇಲೆ ಪಟಪಟ ಹರಿಯುತ್ತವೆ. ಈ ಮನೆಯಲ್ಲೂ ಹಾಗೇ; ಆದರೆ ರಜೆಗೆ ಬಂದಾಗ ಶೇವಂತಿ ಏಳುತ್ತಿದ್ದದ್ದು ಎಂಟಕ್ಕೆ. ಅಷ್ಟೊತ್ತಿಗೆ ಅವಳ ಕಣ್ಣಿಗೆ ಬಿದ್ದದ್ದು ಬಿಸಿಲಲ್ಲಿ ನಿಂತ ನೂಲು ಮಾತ್ರ.

ಬಲ್ಲವರು ಓದಿದರೆ ಅರ್ಜಿ ಅಲ್ಲಿಗೇ ಮುಗಿಯಿತು. ಮುಗಿಯಲಿ ಎಂದುಕೊಂಡೆ.

"ಎಲ್ಲಾ ಛಲೋ ಐತಿ."

ಆಕೆ ಲಕೋಟೆಗೆ ಅಂಟು ಹಚ್ಚುತ್ತ ಅಂದಳು: "ಇದು ಸಿಗಲಿಲ್ಲಂದ್ರ ಅಪ್ಪಾ ಆ ಮುಧೋಳದ ವರಕ್ಕ ಹೂಂ ಅಂತಾನ್ರಿ. ಅಲ್ಲಿಗೆ ನನ್ನ ಓದೂ ಆತು."

ನನ್ನಪ್ಪನೂ ಹೀಗೇ ಹೂಂ ಅಂದಿದ್ದ.

"ತಡಿ. ಮೂರನೇ ಹಾಳಿ ತಗಿ. ತಪ್ಪೈತಿ."

"ಈಗ ಹೇಳಾಕತ್ತೀರಿ?"

"ಹೇಳಬಾರದಂತ ಮಾಡಿದ್ದೆ. ಹೊಟ್ಟಿಕಿಚ್ಚು."

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು. "ಖರೆ ಹೇಳಿದ್ರಲ್ಲ, ಸಾಕು."

"ತಿದ್ದಿ ಕೊಡ್ತೇನಿ. ಆದ್ರ ಅಲ್ಲಿ ನನ್ನ ಹೆಸರ ಹಾಕಬೇಕು."

"ಹಾಕ್ತೇನ್ರಿ ನಮ್ಮವ್ವಾ, ಲಗೂನ ಹೇಳ್ರಿ!"

ಮಗುವಿಗೆ ಹಾಲು ಕುಡಿಸುತ್ತ ಹೇಳಿದೆ. ಆಕೆ ಹೊಸ ಹಾಳೆಯ ಮೇಲೆ ಕೈಯಿಂದಲೇ ಬರೆದಳು.

ಸಂದರ್ಶನ ಮುಗಿಸಿ ಬಂದವಳು ನೇರ ಅಡಿಗೆಮನೆಗೆ ನುಗ್ಗಿದಳು. "ಅದೊಂದ ಹಾಳಿ ಮ್ಯಾಲ ಅರ್ಧಾ ತಾಸು ಕೇಳಿದ್ರು. ಗುರುಬಸವ್ವ ಅಂದ್ರ ಯಾರು, ಏನ ಓದ್ಯಾರ ಅಂದ್ರು."

"ನೀ ಏನಂದಿ?"

"ನಮ್ಮ ವೈನಿ, ಬಿ.ಎಸ್ಸಿ. ಎರಡನೇ ವರ್ಷ ಅಂದೆ."

ಜಾಗ ಆಕೆಗೇ ಸಿಕ್ಕಿತು. ಮಾವ ಓಣಿಗೆಲ್ಲ ಫೇಡೆ ಹಂಚಿದರು. ಕಟಕರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟವಳು ನಾನೇ; ಕಟ್ಟುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು. ಬಸ್ಸು ಹೊರಟಾಗ ಮಗಳ ಕೈ ಹಿಡಿದು ಟಾಟಾ ಮಾಡಿಸಿದೆ. ಆದರೆ ಅವಳು ಕೂತಿದ್ದ ಕಿಟಕಿಯ ಪಕ್ಕದ ಆ ಸೀಟಿನಲ್ಲಿ ಮನಸ್ಸಿನೊಳಗೆ ನಾನು ನನ್ನನ್ನೇ ಕೂರಿಸಿದ್ದೆ.