ಹನುಮಕ್ಕ ಸಿಸ್ಟರ್ ಮತ್ತು ಫ್ರಿಜ್ಜಿನ ಬೀಗದ ಕೈ

ಹನುಮಕ್ಕ ಸಿಸ್ಟರ್‌ನ ತಾಳಿಸರದಲ್ಲಿ, ಪಿನ್ನೊಂದಕ್ಕೆ ಸಿಕ್ಕಿಸಿದ ಫ್ರಿಜ್ಜಿನ ಬೀಗದ ಕೈ ತೂಗುತ್ತಿತ್ತು. ಕೂಡ್ಲಿಗಿಯ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಔಷಧಿಯ ಫ್ರಿಜ್ಜಿಗೆ ಬೀಗ ಹಾಕಿಸಿದವಳೇ ಆಕೆ. ಒಮ್ಮೆ ಅದರೊಳಗೆ ದೊಡ್ಡ ಡಾಕ್ಟರರ ಮೊಸರಿನ ಡಬ್ಬಿ ಸಿಕ್ಕಿತಂತೆ. ಒಯ್ದು ಅವರ ಮೇಜಿನ ಮೇಲೆ ಕುಕ್ಕಿದಳಂತೆ. "ಮೊಸರು ಹುಳಿ ಆದ್ರ ನಿಮ್ಮ ಬಾಯಿಗೆ ಗೊತ್ತಾಗತೈತ್ರಿ ಸರ. ಔಷಧಿ ಕೆಟ್ರ ಯಾರಿಗೆ ಗೊತ್ತಾಗತೈತಿ?"

ಸಿಟ್ಟು ಆಕೆಯ ಮೂಗಿನ ತುದಿಯಲ್ಲೇ ಇರುತ್ತಿತ್ತು. ನನಗೂ ಈಗ ಸಿಟ್ಟಿದೆ, ನನ್ನ ಮೇಲೆಯೇ. ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆದು ಬದುಕಿದವನು ನಾನು. ಓದು ಎಸ್ಸೆಸ್ಸೆಲ್ಸಿವರೆಗೆ, ಅಕ್ಷರ ದುಂಡಗೆ. ಅದೇ ಅಕ್ಷರದಿಂದ ಆಕೆಯ ಅನ್ನ ಕಿತ್ತುಕೊಂಡೆ.

ನನ್ನ ಹೆಂಡತಿ ಕಾಳವ್ವನಿಗೆ ದಾವಣಗೆರೆಯಲ್ಲಿ ಕರುಳಿನ ಆಪರೇಷನ್ ಆಗಿತ್ತು. ಆಮೇಲೆ ಜ್ವರ ಇಳಿಯಲೇ ಇಲ್ಲ. ರಕ್ತದಲ್ಲಿ ಒಂದು ಜಾತಿಯ ಶಿಲೀಂಧ್ರ ಸೇರಿದೆ, ಬೇರೆ ಜ್ವರದ ಔಷಧಿ ಇದಕ್ಕೆ ನಾಟುವುದಿಲ್ಲ ಎಂದು ಅಲ್ಲಿನ ಡಾಕ್ಟರು ದಿನಕ್ಕೊಂದರಂತೆ ಒಂದು ದುಬಾರಿ ಇಂಜೆಕ್ಷನ್ ಶುರು ಮಾಡಿದರು. ಕಾಳವ್ವ ಕಣ್ಣು ತೆರೆದಳು. ಉಳಿದ ಐದು ದಿನದ್ದನ್ನು ಕೂಡ್ಲಿಗಿಯಲ್ಲೇ ಕೊಡಿಸಿ ಎಂದು ಕಳುಹಿಸಿದರು. ಆಕೆಯನ್ನು ಸಿಸ್ಟರ್ ಇದ್ದ ನರ್ಸಿಂಗ್ ಹೋಮಿಗೆ ಸೇರಿಸಿ, ಮರುದಿನ ಐದು ಬಾಟಲಿ ತರಲು ನಾನು ದಾವಣಗೆರೆಗೆ ಹೋದೆ.

"ಥರ್ಮಾಕೋಲ್ ಪೆಟ್ಟಿಗಿ ಬಾಯಿ ತೆಗಿಬ್ಯಾಡ್ರಿ ಯಜಮಾನ್ರ. ಬಸ್ ಇಳದು ಸೀದಾ ನನ್ನ ಹತ್ರ ಬರ್ರಿ," ಎಂದು ಸಿಸ್ಟರ್ ಎರಡು ಸಲ ಹೇಳಿದ್ದಳು.

ಮರಳಿ ಬರುವಾಗ ನಾನು ಕೊಟ್ಟೂರು ದಾಟಿ ನಮ್ಮೂರ ಕ್ರಾಸಿನಲ್ಲೇ ಇಳಿದೆ. ದೇವಿಯ ಪಾದಕ್ಕೆ ಮುಟ್ಟಿಸದೆ, ಹೂವಿನ ಅಪ್ಪಣೆ ಕೇಳದೆ ನಮ್ಮ ಮನೆಯಲ್ಲಿ ಯಾರೂ ದೊಡ್ಡ ಔಷಧಿ ತೆಗೆದುಕೊಂಡವರಲ್ಲ. ತಗಡಿನ ಗುಡಿ, ಮೇ ತಿಂಗಳ ಮಧ್ಯಾಹ್ನ. ಐದೂ ಬಾಟಲಿ ಹೊರತೆಗೆದು ದೀಪದ ಪಕ್ಕ ಇಟ್ಟೆ. ದೇವಿಯ ಭುಜಕ್ಕೆ ಹಚ್ಚಿದ ಹೂ ಬಲಕ್ಕೆ ಬೀಳಬೇಕು. ಬೀಳಲಿಲ್ಲ. ಪೂಜಾರಿ, "ತಾಯಿ ಮುನಿಸ್ಕೊಂಡಾಳ, ಕುಂದರಪ್ಪ," ಎಂದ. ಹೂ ಬಿದ್ದಾಗ ಬಿಸಿಲು ಇಳಿಯುತ್ತಿತ್ತು. ಪೆಟ್ಟಿಗೆಯೊಳಗಿನ ಐಸ್ ನೀರಾಗಿತ್ತು. ಬಾಟಲಿಗಳಿಗೆ ಭಂಡಾರದ ಅರಿಶಿನ ಹಚ್ಚಿಸಿ, ಕ್ರಾಸಿನ ಕಬ್ಬಿನಹಾಲಿನ ಅಂಗಡಿಯಲ್ಲಿ ಹೊಸ ಐಸ್ ಕೊಂಡು ತುಂಬಿದೆ. ತಪ್ಪೆಂದು ಗೊತ್ತಿಲ್ಲದಿದ್ದರೆ ಐಸ್ ಯಾಕೆ ತುಂಬುತ್ತಿದ್ದೆ?

ಕೂಡ್ಲಿಗಿಯಲ್ಲಿ ಸಿಸ್ಟರ್ ಒಂದು ಬಾಟಲಿ ಎತ್ತಿ, ಮುಚ್ಚಳದ ಅಂಚನ್ನು ಉಗುರಿನಿಂದ ಕೆರೆದಳು. ಹಳದಿ ಬಂತು.

"ಪೆಟ್ಟಿಗಿ ತಾನ ಗುಡಿಗೆ ಹೋಗಿ ಬಂತೇನ್ರಿ?"

"ಇಲ್ಲವ್ವ. ನನ್ನ ಕೈಯಾಗಿಂದು ಹತ್ತಿರಬೇಕು. ನಾ ತೆಗದಿಲ್ಲ."

"ತಾಯಿ ಮ್ಯಾಲ ಆಣಿ ಮಾಡ್ರಿ."

ಮಾಡಿದೆ. ಯಾವ ದೇವಿಯ ಎದುರು ಬಾಟಲಿ ಸಾಲಾಗಿ ಇಟ್ಟಿದ್ದೆನೋ ಆಕೆಯ ಮೇಲೆಯೇ.

"ಎಷ್ಟು ಹೊತ್ತು ಹೊರಗಿತ್ತು ಅಂತ ಖರೇ ಹೇಳಿದ್ರ ದಾವಣಗೆರಿ ಡಾಕ್ಟರ್‌ನ ಕೇಳಿ, ನಡಿತೈತಿ ಅಂದ್ರ ಈಗ ಡ್ರಿಪ್ ಹಚ್ಚತಿದ್ದೆ," ಎಂದಳು. "ಸುಳ್ಳಿಗೆ ನಾ ಏನಂತ ಕೇಳ್ಲಿ?"

ಆಗಲೂ ನಾನು, "ತೆಗದಿಲ್ಲವ್ವ," ಎಂದೇ ಅಂದೆ. ಆ ಬಾಟಲಿಗಳನ್ನು ಬದಿಗಿಟ್ಟು ಸಂಜೆ ಬಸ್ಸಿಗೆ ಆಕೆಯೇ ದಾವಣಗೆರೆಗೆ ಹೋದಳು. ಯಾರ್ಯಾರನ್ನು ಕಾಡಿ ಬೇಡಿದಳೋ, ಮರುದಿನ ಬೆಳಿಗ್ಗೆ ಹೊಸ ಪೆಟ್ಟಿಗೆಯನ್ನು ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿಳಿದಳು. ಅಷ್ಟರಲ್ಲಿ ಕಾಳವ್ವನಿಗೆ ಮತ್ತೆ ಜ್ವರ ಏರಿತ್ತು. ನಿನ್ನೆಯ ಇಂಜೆಕ್ಷನ್ ಯಾಕೆ ಕೊಡಲಿಲ್ಲ ಎಂದು ಆಕೆಯ ತಮ್ಮಂದಿರು ನನ್ನ ಮೇಲೆ ಏರಿ ಬಂದರು. ಹೆದರಿದೆ. "ಸಿಸ್ಟರ್ ಫ್ರಿಜ್ ಬಂದ್ ಮಾಡಿ ಕೆಡಿಸ್ಯಾಳ," ಎಂದುಬಿಟ್ಟೆ. ಅವರು ಡಾಕ್ಟರರಿಗೆ ದೂರು ಬರೆದುಕೊಡು ಎಂದರು. ಬರೆದುಕೊಟ್ಟೆ, 'ಕರ್ತವ್ಯಲೋಪ' ಎಂಬ ಪದದ ಕೆಳಗೆ ಗೆರೆ ಎಳೆದು.

ಡಾಕ್ಟರರು ಗಲಾಟೆಗೆ ಅಂಜಿ ಸಿಸ್ಟರ್‌ಳನ್ನು ಕೆಲಸದಿಂದ ಬಿಡಿಸಿದರು. ಆದರೂ ಆಕೆ ಐದನೆಯ ದಿನದ ಡ್ರಿಪ್ ಪೂರ್ತಿ ಇಳಿಯುವವರೆಗೂ ಕಾಳವ್ವನ ಪಕ್ಕ ನಿಂತಿದ್ದು, ಸೂಜಿ ತೆಗೆದು, ಹತ್ತಿ ಒತ್ತಿ, ಆಮೇಲೆ ಪಿನ್ ಬಿಚ್ಚಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಬಾಗಿಲಲ್ಲಿ ನನ್ನ ಹತ್ತಿರ ನಿಂತಳು.

"ನಿಮ್ಮ ಅಕ್ಷರ ಭಾಳ ಚಂದ ಅದಾವ್ರಿ ಯಜಮಾನ್ರ. ಮತ್ತ ಜ್ವರ ಬಂದ್ರ ಮನ್ಯಾಗ ಇಟ್ಕೊಂಡು ಕುಂದರಬ್ಯಾಡ್ರಿ."

ಕಾಳವ್ವ ಈಗಲೂ ಗಟ್ಟಿಯಾಗಿದ್ದಾಳೆ. ಹಡಗಲಿ ಮಲ್ಲಿಗೆ ಮಾರುವವರು ಬಂದಾಗಲೆಲ್ಲ, "ಆ ಹನುಮಕ್ಕಗ ಒಂದು ಮಾರು ಒಯ್ದು ಕೊಡ್ರಿ," ಎನ್ನುತ್ತಾಳೆ. ಯಾವ ಊರಿಗೆ ಒಯ್ಯಲಿ?

ಇಷ್ಟು ವರ್ಷದ ಮೇಲೆ ಮೊನ್ನೆ, ಅಂದು ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ, ನರ್ಸಿಂಗ್ ಹೋಮಿಗೆ ಹೋದೆ. ಹಳೆಯ ಡಾಕ್ಟರು ಇರಲಿಲ್ಲ. ಹೊಸ ಹುಡುಗಿಯೊಬ್ಬಳು ಫ್ರಿಜ್ ತೆರೆದಳು. ಬೀಗವಿಲ್ಲ. ಔಷಧಿ ಬಾಟಲಿಗಳ ನಡುವೆ ಮೊಸರಿನ ಡಬ್ಬಿ, ಒಂದು ಕಟ್ಟು ಕೊತ್ತಂಬರಿ.

"ತೆಗಿ ಹೊರಗ! ಔಷಧಿ ಕೆಟ್ರ ಯಾರಿಗೆ ಗೊತ್ತಾಗತೈತಿ?" ಎಂದು ಕೂಗಿದೆ.

ಹುಡುಗಿ ಮುಖ ಗಂಟಿಕ್ಕಿದಳು. "ಇಲ್ಲಿ ಕೇಳಾಕ ನೀ ಯಾರಜ್ಜ?"

"ಕೇಳೋಳು ಒಬ್ಬಾಕಿ ಇದ್ದಳವ್ವ," ಎಂದೆ. "ಆಕಿನ್ನ ಓಡಿಸಿದವ ನಾನು."